ಬುಧವಾರದ ಕೆಂಪು ಗೆರೆ

"ಇದನ್ನ ಮಾಡಿದ್ದು ಯಾರು?"

ಫೋನನ್ನು ಮೇಜಿನ ಮೇಲೆ ಕುಕ್ಕಿ ಅವನು ಕೇಳಿದ. ಎಲ್ಲರೂ ಅವಳತ್ತ ತಿರುಗಿದರು.

ಆಸ್ಪತ್ರೆಯ ಮೂರನೇ ಮಹಡಿಯ ಮೀಟಿಂಗ್ ಕೋಣೆ. ಮೇಜಿನ ಸುತ್ತ ಎಂಟು ಜನ ರೋಗಿಗಳು, ಎಂಟು ಫೋನುಗಳು. ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಅವರದು. ಸ್ನಾಯುಗಳು ಬಳಸಿದಷ್ಟೂ ಸೋಲುತ್ತವೆ. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಒಮ್ಮೊಮ್ಮೆ ತುತ್ತು ಗಂಟಲಲ್ಲೇ ನಿಂತುಬಿಡುತ್ತದೆ. ಯಾವಾಗ, ಎಷ್ಟು ಎಂದು ಅವರು ದಿನವೂ ಬರೆದಿಡಲಿ ಅಂತ ಅವಳೊಂದು ಆ್ಯಪ್ ವಿನ್ಯಾಸ ಮಾಡಿದ್ದಳು. ಐದು ತಿಂಗಳ ಶ್ರಮ.

"ನಾನೇ..." ಅವಳು ಎದ್ದು ನಿಂತು ನಕ್ಕಳು.

ಅವನು ನಗಲಿಲ್ಲ.

"ಒಂದು ದಿನದ್ದು ಬರೆಯೋಕೆ ಹನ್ನೊಂದು ಸಲ ಒತ್ತಬೇಕು. ಆರನೇದಕ್ಕೇ ನನ್ನ ಬೆರಳು ಸೋತೋಯ್ತು. ಅದರ ಮೇಲೆ ಈ ಗೊಂಬೆಗಳು ಬೇರೆ! ಅಳೋ ಮುಖ, ನಗೋ ಮುಖ... ನಾವೇನು ಶಿಶುವಿಹಾರದ ಮಕ್ಕಳಾ ಮೇಡಂ?"

ಯಾರೋ ಕಿಸಕ್ಕೆಂದರು. ಅವಳ ಕಿವಿ ಕೆಂಪಾಯಿತು.

"ಬರ್ಕೊಳ್ತೀನಿ ಸರ್," ಎಂದು ಮತ್ತೆ ನಕ್ಕಳು. ಅವನ ತುಟಿಯಂಚು ಈ ಸಲವೂ ಅಲುಗಲಿಲ್ಲ.

ಎಷ್ಟು ಸೊಕ್ಕು! ಸೌಜನ್ಯಕ್ಕಾದರೂ ಒಂದು ನಗು ಬೇಡವಾ?

ಎಲ್ಲರೂ ಹೋದ ಮೇಲೆ, ಆ ರೋಗಿಗಳನ್ನು ನೋಡಿಕೊಳ್ಳುವ ಡಾಕ್ಟರಮ್ಮನ ಬಳಿ ಅದನ್ನೇ ಹೇಳಿಕೊಂಡಳು. ಆಕೆ ಫೈಲು ಮುಚ್ಚಿ ಅವಳನ್ನೇ ನೋಡಿದರು.

"ಸೊಕ್ಕಲ್ಲಮ್ಮ. ಅವನಿಗೆ ನಗೋಕೆ ಆಗಲ್ಲ. ಮೊದಲು ಸೋತಿದ್ದೇ ಕೆನ್ನೆಯ ಸ್ನಾಯು. ಮೂರು ವರ್ಷ ಆಯ್ತು."

ಅವಳು ಕುರ್ಚಿ ಎಳೆದು ಕೂತಳು. ಈ ಕಾಯಿಲೆಯ ಬಗ್ಗೆ ನಲವತ್ತು ಪುಟ ಓದಿದ್ದಳು. ಆ ಸಾಲೂ ಅದರಲ್ಲಿತ್ತು. ಓದಿದ್ದಳು, ಅಷ್ಟೇ...

ಅವನದು ಕನ್ನಡಕದ ಅಂಗಡಿ. ಮುಂದೆ ಅವನ ಅಕ್ಕ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಹಿಂದಿನ ಪುಟ್ಟ ಕೋಣೆಯಲ್ಲಿ ಅವನು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ಮುಂದಿನ ಬುಧವಾರ ಅವಳು ಅಲ್ಲಿಗೇ ಹೋದಳು.

"ಕ್ಷಮೆ ಕೇಳೋಕೆ ಬಂದೆ. ಮುಖಗಳನ್ನ ತೆಗೆದುಬಿಟ್ಟಿದ್ದೀನಿ."

"ಹನ್ನೊಂದು ಸಲ ಒತ್ತೋದು?"

"ಎಂಟಕ್ಕೆ ಇಳಿಸಿದ್ದೀನಿ."

ಅವನು ಯಂತ್ರ ನಿಲ್ಲಿಸಿದ. "ಫೋನ್ ಹಿಡಿದು ಕೈ ಚಾಚಿ. ಸಾಕು ಅನ್ನೋ ತನಕ ಇಳಿಸ್ಬೇಡಿ."

ನಾಲ್ಕನೇ ನಿಮಿಷಕ್ಕೆ ಅವಳ ತೋಳು ನಡುಗಿತು. ಐದಕ್ಕೆ ಹೆಗಲು ಕಿತ್ತುಬಂದಂತಾಯಿತು.

"ಈಗ ಎಂಟು ಸಲ ಒತ್ತಿ."

ಒತ್ತಿದಳು. ಮೂರು ತಪ್ಪಾಯಿತು.

"ನನ್ನ ಸಂಜೆ ಹೀಗಿರುತ್ತೆ," ಎಂದ. ದನಿಯಲ್ಲಿ ದೂರು ಇರಲಿಲ್ಲ. ಅವಳಿಗೆ ಕಣ್ಣು ತುಂಬಿಬಂತು. ಅದನ್ನು ನೋಡಿ ಅವನೇ ಗಾಬರಿಯಾದ.

"ಅಯ್ಯೋ, ಅಳ್ಬೇಡಿ ಮೇಡಂ! ಇದರಲ್ಲಿ ಲಾಭಾನೂ ಇದೆ. ನನಗೆ ಒಂದಕ್ಕೆ ಎರಡು ಕಾಣ್ಸುತ್ತಲ್ಲ, ಗಿರಾಕಿ ಒಬ್ಬರು ಬಂದ್ರೂ ವ್ಯಾಪಾರ ಡಬಲ್!"

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನ ಮುಖ ಹಾಗೇ ಇತ್ತು. ಆದರೆ ಕಣ್ಣು... ಕಣ್ಣು ನಗುತ್ತಿತ್ತು. ಇದು ಮೊನ್ನೆ ನನಗೆ ಯಾಕೆ ಕಾಣಲಿಲ್ಲ?

ಅಂದಿನಿಂದ ಪ್ರತಿ ಬುಧವಾರ ಹನ್ನೊಂದಕ್ಕೆ ಅಲ್ಲಿ ಹಾಜರು. "ಹತ್ತಕ್ಕೆ ಮಾತ್ರೆ. ಹನ್ನೊಂದರಿಂದ ಒಂದರ ತನಕ ನಾನು ಮನುಷ್ಯ," ಎನ್ನುತ್ತಿದ್ದ. ಆ ಎರಡು ಗಂಟೆ ಅವನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಆ್ಯಪಿನ ಗುಂಡಿ ದೊಡ್ಡದಿರಲಿ. ಎಲ್ಲ ಒಂದೇ ಪುಟದಲ್ಲಿರಲಿ. ನಿನ್ನೆಯಂತೆಯೇ ಇದ್ದರೆ ಒಂದೇ ಸಲ ಒತ್ತಿದರೆ ಸಾಕಾಗಲಿ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಕನ್ನಡಕ ಹಣೆಗೇರಿಸಿಕೊಂಡು ಕಳೆದುಹೋಯಿತೆಂದು ಹೊಸದಕ್ಕೆ ಅಳತೆ ಕೊಟ್ಟ ವಕೀಲರು, ತೀರಿಕೊಂಡ ಅವನ ಅಮ್ಮ, ಹುಡುಗನಾಗಿದ್ದಾಗ ಕಲಿತ ಈಜು. ಅವಳೂ ಯಾರ ಮುಂದೆಯೂ ಹೇಳದ್ದನ್ನು ಹೇಳಿಕೊಂಡಳು... ಮುರಿದುಬಿದ್ದ ನಿಶ್ಚಿತಾರ್ಥ, ಆಮೇಲೆ ಕೆಲಸದಲ್ಲಿ ಮುಖ ಹುದುಗಿಸಿಕೊಂಡ ಎರಡು ವರ್ಷ.

"ಇವನು ಇಷ್ಟು ಮಾತಾಡಿದ್ದನ್ನ ನಾನು ನೋಡೇ ಇಲ್ಲಮ್ಮ," ಎಂದಳು ಅಕ್ಕ ಒಮ್ಮೆ, ಟೀ ಲೋಟ ಇಡುತ್ತಾ.

ಅವಳಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ರೋಗಿಗಳು ಆ್ಯಪ್ ಬಳಸತೊಡಗಿ ಎರಡು ತಿಂಗಳಾದಾಗ ಮೊದಲ ಚಾರ್ಟುಗಳು ಕಂಪ್ಯೂಟರ್ ಪರದೆಯ ಮೇಲೆ ಬಂದವು. ಹೆಸರಿಲ್ಲ, ಬರೀ ನಂಬರು. ಏಳನೇ ನಂಬರಿನ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದು ಅವಳೇ ಆದ್ದರಿಂದ ಅದು ಅವನೆಂದು ಗೊತ್ತಿತ್ತು. ನೋಡಬಾರದಿತ್ತು. ನೋಡಿದಳು.

ವಾರದ ಆರು ದಿನ ಹಸಿರು, ಹಳದಿ. ಬುಧವಾರ ಮಧ್ಯಾಹ್ನ ಮಾತ್ರ ಕೆಂಪು ಗೆರೆ! ಮಾತು ತೊದಲು. ನುಂಗಲು ಕಷ್ಟ. ಮೂರನೇ ಬುಧವಾರ, ಉಸಿರಿಗೆ ತೊಂದರೆ. ಎಂಟಕ್ಕೆ ಎಂಟೂ ಬುಧವಾರ.

ಬುಧವಾರ ಅವನನ್ನು ಎರಡು ಗಂಟೆ ಮಾತಾಡಿಸಿ ದಣಿಸುತ್ತಿದ್ದವಳು ಅವಳೇ. ನಾನು... ನಾನೇ ಕಾರಣ!

ಅವನನ್ನು ಏನೂ ಕೇಳಲಿಲ್ಲ. ಮುಂದಿನ ಬುಧವಾರ ಸಹೋದ್ಯೋಗಿಯನ್ನು ಕಳಿಸಿ, 'ಬೇರೆ ಕೆಲಸ ಬಂದಿದೆ, ಇನ್ಮೇಲೆ ಇವರೇ ಬರ್ತಾರೆ' ಎಂದು ಸಂದೇಶ ಹಾಕಿದಳು.

'ಸರಿ' ಎಂದು ಉತ್ತರ ಬಂತು. ಅಷ್ಟೇ.

ಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತ ಮಗಳನ್ನು ಅಮ್ಮ ಬಿಡಲಿಲ್ಲ. ಎಲ್ಲ ಕೇಳಿ, "ಅವರನ್ನ ಒಂದು ಮಾತು ಕೇಳಿದ್ಯಾ?" ಎಂದರು.

"ಕೇಳಿದ್ರೆ ಪರವಾಗಿಲ್ಲ ಅಂತಾರಮ್ಮ."

"ಅಂದ್ರೆ? ಅವರ ಉತ್ತರಾನೂ ನೀನೇ ಹೇಳ್ತಿದೀಯಲ್ಲೇ!"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೂರು ವಾರ ಏಳನೇ ನಂಬರಿನ ಚಾರ್ಟು ಪೂರ್ತಿ ಹಸಿರು. ನೋಡಿದ್ಯಾ, ನಾನಿಲ್ಲದೆ ಅವರು ಚೆನ್ನಾಗಿದ್ದಾರೆ ಎಂದುಕೊಂಡಳು. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಆಮೇಲೆ ಐದು ದಿನ ಚಾರ್ಟಿನಲ್ಲಿ ಏನೂ ಇಲ್ಲ... ಬರೀ ಖಾಲಿ! ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಯಾವ ಹಕ್ಕಿನಿಂದ ಕೇಳಲಿ?

ಆರನೇ ದಿನ ಬೆಳಿಗ್ಗೆ ಅವಳ ಆಫೀಸಿಗೆ ಅವನ ಅಕ್ಕ ಬಂದಳು. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು.

"ಆಸ್ಪತ್ರೇಲಿದಾನಮ್ಮ. ಎದೆಗೆ ಸೋಂಕು ಆಯ್ತು, ಉಸಿರೇ ನಿಂತ್ಹೋಗೋ ಹಾಗಾಯ್ತು. ನಾಲ್ಕು ದಿನ ಗಂಟಲಿಗೆ ಕೊಳವೆ ಹಾಕಿದ್ರು. ನಿನ್ನೆ ತೆಗೆದಿದಾರೆ."

"ಆದ್ರೆ... ಚಾರ್ಟಲ್ಲಿ ಎಲ್ಲ ಹಸಿರಿತ್ತಲ್ಲ ಅಕ್ಕಾ!"

"ಸುಳ್ಳು ಬರೀತಿದ್ದ. ನಿಮ್ಮ ಬದಲು ಬರ್ತಾರಲ್ಲ, ಅವರ ಬಾಯಿಂದ ಮಾತು ಬಿತ್ತು, ಬುಧವಾರದ ಗೆರೆ ನೋಡಿ ನೀವು ಹೆದರಿದ್ರಿ ಅಂತ. ಅವತ್ತಿಂದ ಎಲ್ಲಾನೂ ಹಸಿರು. ನೋಡೋರು ನೆಮ್ಮದಿಯಾಗಿರ್ಲಿ ಅಂದ. ಡಾಕ್ಟರಮ್ಮನೂ ಅದನ್ನೇ ನಂಬಿದ್ರು."

ಅವಳು ಬ್ಯಾಗು ಎತ್ತಿಕೊಂಡು ಅಕ್ಕನ ಜೊತೆ ಹೊರಟಳು.

ವಾರ್ಡಿನ ಬಾಗಿಲಲ್ಲಿ ಡಾಕ್ಟರಮ್ಮ ತಡೆದು, "ಹತ್ತೇ ನಿಮಿಷ. ಜಾಸ್ತಿ ಮಾತಾಡಿಸ್ಬೇಡ," ಎಂದರು.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅವನು ದಿಂಬಿಗೊರಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಎಡ ರೆಪ್ಪೆ ಅರ್ಧ ಮುಚ್ಚಿತ್ತು. ಅವಳನ್ನು ಕಂಡ ಕೂಡಲೇ ಇನ್ನೊಂದು ಕಣ್ಣು ಒದ್ದೆಯಾಯಿತು.

ಏನೇನೋ ಹೇಳಬೇಕೆಂದು ಬಂದಿದ್ದಳು. ಬಾಯಿಂದ ಬಂದಿದ್ದು ಸಿಟ್ಟು.

"ಸುಳ್ಳು ಬರೆದ್ರಲ್ಲ! ಆ ಆ್ಯಪ್ ಇರೋದೇ ಇದಕ್ಕೆ ಅಲ್ವಾ? ನಿಮಗೇನಾದ್ರೂ ಆಗಿದ್ರೆ..."

"ತಪ್ಪು..." ಎಂದ ಅವನು. ದನಿ ಮೂಗಿನಿಂದ ಬರುತ್ತಿತ್ತು. ಎರಡು ಉಸಿರು ತೆಗೆದುಕೊಂಡು ಮುಂದುವರಿಸಿದ. "ನೀವು... ಕೇಳ್ಲಿಲ್ಲ."

"ಹೌದು. ಕೇಳ್ಲಿಲ್ಲ."

"ನನಗೆ ಗೊತ್ತಿತ್ತು. ಮಧ್ಯಾಹ್ನ... ಏನಾಗುತ್ತೆ ಅಂತ. ಗೊತ್ತಿದ್ದೇ... ಮಾತಾಡ್ತಿದ್ದೆ."

"ಯಾಕೆ?"

"ಉಳಿದ ದಿನ ಯಾರ ಹತ್ರಾನೂ... ಮಾತಾಡ್ತಿರಲಿಲ್ಲ. ಎಲ್ಲಾ ಕೂಡಿಟ್ಟು... ನಿಮಗೆ ಅಂತ." ಅವನು ಕಣ್ಣು ಮುಚ್ಚಿ ತೆರೆದ. "ಈ ಕಾಯಿಲೆ ಎಲ್ಲಾನೂ... ಅದೇ ತೀರ್ಮಾನ ಮಾಡುತ್ತೆ. ಅದೊಂದು... ನನ್ನ ತೀರ್ಮಾನ. ಅದನ್ನೂ ನೀವು... ತಗೊಂಡ್ಬಿಟ್ರಿ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಬಿಕ್ಕಿದಳು. ಆ ಗೆರೆಯನ್ನು ಎಷ್ಟು ಸಲ ನೋಡಿದ್ದಳು! ಎಷ್ಟು ದಣಿವಾಯಿತೆಂದು ಅದು ಹೇಳಿತ್ತು. ಯಾಕಾಗಿ ಎಂದು ಹೇಳಿರಲಿಲ್ಲ. ಹಾಗೆ ಹೇಳುವುದಕ್ಕೆ ಅವಳು ಅದರಲ್ಲಿ ಜಾಗವನ್ನೇ ಇಟ್ಟಿರಲಿಲ್ಲ.

"ಆ್ಯಪಲ್ಲಿ ಒಂದು ಖಾಲಿ ಸಾಲು ಸೇರಿಸ್ತೀನಿ," ಎಂದಳು ಕಣ್ಣೊರೆಸಿಕೊಂಡು. "ಇವತ್ತು ಏನು ಮಾಡಿದ್ರಿ ಅಂತ. ನಿಜ ಬರೀಬೇಕು. ಕೆಂಪಿದ್ರೆ ಕೆಂಪು."

"ನೀವು... ಓಡ್ಹೋಗ್ಬಾರ್ದು."

"ಹೋಗಲ್ಲ. ಹೆದರಿಕೆ ಆಗುತ್ತೆ, ಆಗ್ಲಿ. ಹೆದರ್ಕೊಂಡೇ ಇರ್ತೀನಿ, ಇಲ್ಲೇ." ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಹೇಳಿಬಿಟ್ಟಳು. "ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಬುಧವಾರ ಮಾತ್ರ ಅಲ್ಲ."

ಹೊದಿಕೆಯ ಮೇಲೆ ಅವನ ಕೈ ಇಂಚಿಂಚಾಗಿ ಸರಿದು ಬಂತು. ಅರ್ಧ ದಾರಿಯಲ್ಲೇ ಸೋತು ನಿಂತಿತು. ಉಳಿದ ದಾರಿಯನ್ನು ಅವಳ ಕೈ ನಡೆಯಿತು.

"ಈ ಕಾಯಿಲೆ... ವಾಸಿ ಆಗೋದಲ್ಲ."

"ನಲವತ್ತು ಪುಟ ಓದಿದ್ದೀನಿ. ಗೊತ್ತು."

ಅವನ ಕಣ್ಣು ನಕ್ಕಿತು. ಬಾಗಿಲಲ್ಲಿ ಡಾಕ್ಟರಮ್ಮ ಕೆಮ್ಮಿದರು. ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು.

ಅವಳು ಎದ್ದಳು. ಅವನು ಅವಳ ಬೆರಳು ಬಿಡಲಿಲ್ಲ.

"ನಾಳೆ... ನೀವು..."

"'ನೀವು' ಬೇಡ," ಎಂದಳು ಅವಳು ಬಾಗಿ, ಮೆಲ್ಲಗೆ. "ಅಷ್ಟೊಂದು ಮರ್ಯಾದೆ ಕೊಟ್ಟು ದಣೀಬೇಡಿ. ಒಂದೇ ಅಕ್ಷರ ಸಾಕು."

ಅವನು ಉಸಿರು ತುಂಬಿಕೊಂಡ. ಸೋತ ತುಟಿಗಳನ್ನು ಕಷ್ಟಪಟ್ಟು ಒಂದಕ್ಕೊಂದು ಸೇರಿಸಿದ.

"ಬಾ."

"ಬರ್ತೀನಿ ಕಣೋ."