ಎರಡನೇ ಅಂಕದ ಅಪ್ಪ

ಆರೂವರೆ ಅಂದರೆ ಏಳು ಎನ್ನುವ ಕನ್ನಡ ಕೂಟದ ಗಡಿಯಾರ ಹ್ಯೂಸ್ಟನ್ನಿನ ಆಪೆರಾ ಮಂದಿರದಲ್ಲಿ ನಡೆಯಲಿಲ್ಲ. ಬಾಗಿಲು ಮುಚ್ಚಿತ್ತು. ಮೊದಲ ಅಂಕ ಮುಗಿಯುವ ತನಕ ನಿವೇದಿತಾ, ಕೃಷ್ಣಚೈತನ್ಯ ಇಬ್ಬರಿಗೂ ಲಾಬಿಯ ಟೀವಿಯೇ ಗತಿ.

ಹೆಸರಿನಲ್ಲಿ ಚೈತನ್ಯ, ಹೆಗಲಲ್ಲಿ ಆಕ್ಸಿಜನ್ ಬ್ಯಾಗು. ಅವನ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಬೇರೆಯದು ಹಾಕಲಾಗದು ಎಂದು ಡಾಕ್ಟರು ಕೈಚೆಲ್ಲಿದ್ದರು. ಆ ವಾರವೇ ಅವನು, ಮದುವೆ ಬೇಡ, ನನಗೆ ಮನಸ್ಸಿಲ್ಲ ಎಂದು ನಿವೇದಿತಾಳಿಗೆ ಮೆಸೇಜ್ ಹಾಕಿದ್ದ. ಈಗ ಆಸ್ಟಿನ್‌ನಿಂದ ಬಂದದ್ದು ಮೊದಲೇ ಕೊಂಡ ಟಿಕೆಟ್ ದಂಡವಾಗಬಾರದೆಂದು ಮಾತ್ರವಂತೆ.

"ಕಥಿ ಹೇಳು," ಎಂದಳು ನಿವೇದಿತಾ, ಅವನ ಕಡೆ ನೋಡದೆ.

"ನಾಯಕಿ ನಿಜವಾಗಿ ಇದ್ದವಳು. ಪ್ಯಾರಿಸ್‌ನವಳು, ಶ್ರೀಮಂತರ ಪ್ರೇಯಸಿ. ಕ್ಷಯ ಬಂದು ಇಪ್ಪತ್ಮೂರಕ್ಕೇ ಹೋದಳು. ಪ್ರೀತಿಸಿದ್ದವನೊಬ್ಬ ಕಾದಂಬರಿ ಬರೆದ, ಅದನ್ನೇ ನಾಟಕ ಮಾಡಿದ. ಇಟಲಿಯವನು ಅದಕ್ಕೆ ಸಂಗೀತ ಕಟ್ಟಿದ. ಶುರುವಿನಲ್ಲೇ ಪಿಟೀಲುಗಳು ಅವಳ ಸಾವಿನ ಸ್ವರ ನುಡಿಸಿಬಿಡ್ತವೆ. ಆಮೇಲೆ ಪಾರ್ಟಿ. ನಾವು ಲೇಟಾಗಿ ಬಂದು ಸಾವು ಮಿಸ್ ಮಾಡ್ಕೊಂಡ್ವಿ."

ಬೇಡವೆಂದರೂ ಅವಳ ತುಟಿಯಂಚಿಗೆ ನಗು ಬಂತು. ಅದನ್ನು ಕಂಡದ್ದೇ ಅವನಿಗೆ ಹುರುಪು. ಯಾರ ದನಿಯೇ ಆಗಲಿ, ಒಮ್ಮೆ ಕೇಳಿದರೆ ಸಾಕು, ಹಾಗೇ ಅಣಕಿಸುವವನು.

"ಎರಡನೇ ಅಂಕದಲ್ಲಿ ಅವಳನ್ನ ಪ್ರೀತಿಸೋ ಹುಡುಗನ ಅಪ್ಪ ಬರ್ತಾನೆ." ಸಣ್ಣಗೆ ಗಂಟಲು ಕೆರೆದು ದನಿ ತಗ್ಗಿಸಿದ. "ನೋಡವಾ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಮನ್ಯಾಗ ಇನ್ನೊಬ್ಬಾಕಿ ಮಗಳದಾಳ. ಆಕಿ ಸಂಬಂಧ ಕೆಡಬಾರದು, ಹೌದಿಲ್ಲೋ? ನೀನ ಬಿಟ್ಟುಬಿಡು."

ನಿವೇದಿತಾಳ ನಗು ಆರಿತು. ಆ ಗಂಟಲು ಕೆರೆಯುವುದು, ಆ ಎಳೆದ "ಹೌದಿಲ್ಲೋ", ಎರಡೂ ಹ್ಯೂಸ್ಟನ್ನಿನಾಚೆ ದ ವುಡ್‌ಲ್ಯಾಂಡ್ಸ್ ಎಂಬ ಊರಲ್ಲಿರುವ ಅವಳ ಅಪ್ಪ ಅಪ್ಪಾಸಾಹೇಬರವು. ಚೈತನ್ಯ ಅವರನ್ನು ಕಂಡೇ ಇರಲಿಲ್ಲ.

"ಅಪ್ಪ ಯಾವಾಗ ಫೋನ್ ಮಾಡಿದ್ರು?"

ಅವನು ಟೀವಿಯತ್ತ ತಿರುಗಿದ.

"ನನ್ನ ತಂಗಿ ಮದುವಿ ಸಲುವಾಗಿ ನನ್ನ ಬಿಟ್ಟಿ?"

"ಅವರು ತಪ್ಪೇನೂ ಹೇಳಲಿಲ್ಲ ನಿವಿ. ನಾಳೆ ಅಕ್ಕ ವಿಧವೆ ಆದ್ರೆ ಮಧುಶ್ರೀನ ಕೇಳೋರು ಹಿಂಜರೀತಾರಂತೆ. ನೀನಾದ್ರೂ..." ಮಿಕ್ಕದ್ದನ್ನು ಕೆಮ್ಮು ನುಂಗಿತು.

"ಮನಸ್ಸಿಲ್ಲ ಅಂತ ಬರದಿದ್ದಿ. ಈಗ ನನ್ನ ಮುಖ ನೋಡಿ ಹೇಳು."

ನೋಡಿದ.

"ಹೆದರಿಕೆ ಆಗತ್ತೆ," ಎಂದ. "ಒಬ್ಬನೇ ಸಾಯೋಕೆ."

ಅವಳು ಅವನ ಹೆಗಲಿನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಏಳು. ಅಪ್ಪನ ಮನಿಗೆ ಹೋಗೂಣು. ಮಾತು ನಾ ಆಡ್ತೀನಿ. ನೀ ಉಸಿರಾಡು, ಸಾಕು."

ಒಳಗೆ ಚಪ್ಪಾಳೆ ಬಿತ್ತು, ಬಾಗಿಲು ತೆರೆಯಿತು. ಅವರು ಒಳಗೆ ಹೋಗಲಿಲ್ಲ. ಬ್ಯಾಗಿನಿಂದ ಅವನ ಮೂಗಿಗಿದ್ದ ಟ್ಯೂಬು ಗಿಡ್ಡ. ಅದು ಜಗ್ಗದಂತೆ ಅವಳು ಅವನಿಗೆ ಅಂಟಿಕೊಂಡೇ ಪಾರ್ಕಿಂಗಿನವರೆಗೂ ನಡೆದಳು.