ತಪ್ಪು ಬಾಣ

ತೂಕದ ಬಿಲ್ಲೆ ಪುಟ್ಟಿಯ ಕಾಲ ಮೇಲೆ ಬಿತ್ತು. ಆ ಸದ್ದಿಗೆ ಆಯ್ಕೆ ಸಮಿತಿಯ ಮೂವರೂ ಎದ್ದು ನಿಂತರು.

ಮೇಜಿನ ಮೇಲೆ ಅವಳ ಸೇತುವೆ ಮಾದರಿ ಸೊಂಟ ಮುರಿದುಕೊಂಡು ಬಿದ್ದಿತ್ತು. ಅಲ್ಯೂಮಿನಿಯಂ ಪಟ್ಟಿಗಳನ್ನು ನಟ್ಟು ಬೋಲ್ಟು ಹಾಕಿ ಅವಳೇ ಜೋಡಿಸಿದ್ದಳು. ಊಟಕ್ಕೆ ಮುಂಚೆ ನನ್ನ ಕಣ್ಣೆದುರೇ ಇದೇ ತೂಕವನ್ನು ಆರಾಮಾಗಿ ಹೊತ್ತಿತ್ತು. ಈಗ ಸರಿಯಾದ ಹೊತ್ತಿಗೆ ಕೈಕೊಟ್ಟಿತು.

“ಕಟ್ಟಿದ ಸೇತುವೆನೇ ನಿಲ್ಲಲಿಲ್ಲ. ಇನ್ನು ಕ್ಲಾಸಲ್ಲಿ ನೀನು ಹೇಗಮ್ಮ ನಿಲ್ತೀಯ?” ಎಂದರು ಸಮಿತಿಯ ಅಧ್ಯಕ್ಷರು.

ಪುಟ್ಟಿ ಅಳಲಿಲ್ಲ. ಹೆಬ್ಬೆರಳು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ನೋಡಿ ನನಗೇ ಸಂಕಟವಾಯಿತು.

ಆಯ್ಕೆಗಾಗಿ ಸಮಿತಿಯ ಮುಂದೆ ಅವಳು ಮಾಡಬೇಕಿದ್ದ ಪಾಠ ಶುರುವಾದಾಗ ಎಲ್ಲ ಚೆನ್ನಾಗಿಯೇ ಇತ್ತು. ಊಟಕ್ಕೆ ಮುಂಚೆಯೇ ಬೋರ್ಡಿನ ಮೇಲೆ ಬರೆದಿಟ್ಟಿದ್ದ ಚಿತ್ರದಲ್ಲಿ ಒಂದು ಬಾಣ ತಿರುವುಮುರುವಾಗಿತ್ತು. ಅವಳೇ ಅದನ್ನು ಗಮನಿಸಿ, “ನೋಡಿ, ಇಲ್ಲಿ ನಾನೇ ಎಡವಿದೀನಿ,” ಎಂದು ನಗುತ್ತಾ ತಿದ್ದಿದ್ದಳು. ಅಧ್ಯಕ್ಷರು ತಲೆದೂಗಿದ್ದರು. ಆಮೇಲೆ ಈ ಅನಾಹುತ.

ನಾನು ಈ ವಿಭಾಗದ ಮುಖ್ಯಸ್ಥ. ಇರುವುದು ಒಂದೇ ಬೋಧಕ ಹುದ್ದೆ. ಕೊನೆಗೆ ಉಳಿದವರು ಇಬ್ಬರು: ಆಗಷ್ಟೇ ಪಿಎಚ್.ಡಿ. ಮುಗಿಸಿದ ಪುಟ್ಟಿ, ಮತ್ತು ಪಿಎಚ್.ಡಿ. ಆದ ಮೇಲೂ ನಮ್ಮಲ್ಲೇ ಪೋಸ್ಟ್‌ಡಾಕ್ ಸಂಶೋಧಕನಾಗಿರುವ, ಎಲ್ಲರೂ ಗಡ್ಡ ಎನ್ನುವ ಹುಡುಗ. ಗಡ್ಡನ ಪಾಠ ಬೆಳಿಗ್ಗೆಯೇ ಆಗಿತ್ತು. ಸಂಜೆಯೊಳಗೆ ಸಮಿತಿ ಹೆಸರು ಬರೆದು ಹೋಗುತ್ತದೆ.

“ಪಾಪ, ನಟ್ಟು ಸರಿಯಾಗಿ ಬಿಗಿ ಮಾಡಿರಲ್ಲ ಬಿಡಿ,” ಎಂದೆ.

“ಹಾಗಾದ್ರೆ ನಟ್ಟು ಎಲ್ಲಿ, ಹೆಡ್ ಸಾಹೇಬ್ರೇ?” ಎಂದು ಹಿಂದಿನ ಬೆಂಚಿನಿಂದ ದನಿ ಬಂತು.

ಮೇಷ್ಟ್ರು.

* * *

ಮೇಷ್ಟ್ರು ನಿವೃತ್ತರಾಗಿ ವರ್ಷಗಳಾದವು. ಆದರೂ ಪ್ರತಿ ಶನಿವಾರ ಬಂದು ನಮ್ಮ ಪಿಎಚ್.ಡಿ. ಹುಡುಗರನ್ನು, ಪೋಸ್ಟ್‌ಡಾಕ್‌ಗಳನ್ನು ಕೂರಿಸಿಕೊಂಡು ಮೇಷ್ಟ್ರಾಗುವುದನ್ನು ಕಲಿಸುತ್ತಾರೆ. ಸಂಶೋಧನೆ ಮಾಡಿದವನಿಗೆ ಪಾಠ ತಾನಾಗಿ ಬರುತ್ತದೆ ಅನ್ನುವುದು, ಈಜಿನ ಪುಸ್ತಕ ಓದಿದವನನ್ನು ಬಾವಿಗೆ ತಳ್ಳಿದ ಹಾಗೆ ಎನ್ನುತ್ತಾರೆ. ಬೋರ್ಡ್ ಹೇಗೆ ಬಳಸಬೇಕು, ಸಮಿತಿಯ ಕೊಂಕು ಪ್ರಶ್ನೆಗೆ ಹೇಗೆ ಉತ್ತರಿಸಬೇಕು, ಎಲ್ಲ ಹೇಳಿಕೊಡುತ್ತಾರೆ. ಅವರ ಕ್ಲಾಸಿಗೆ ಬೆಂಚು ಸಾಲದು. ನನ್ನ ಕ್ಲಾಸಿನಲ್ಲಿ ಬೆಂಚುಗಳೇ ಹೆಚ್ಚು. ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನು?

ಮೇಷ್ಟ್ರು ಮೇಜಿನ ಕೆಳಗೆ ತಡಕಿದರು. ನನ್ನನ್ನೂ ಮಂಡಿಯೂರಿಸಿದರು. ಇಬ್ಬರೂ ಕೋಣೆಯನ್ನೆಲ್ಲ ಜಾಲಾಡಿದೆವು.

“ಬೋಲ್ಟ್ ಇಲ್ಲಿದೆ, ನಟ್ಟಿಲ್ಲ,” ಎಂದರು. “ಸಡಿಲವಾಗಿ ಬಿದ್ದಿದ್ರೆ ಇಲ್ಲೇ ಎಲ್ಲೋ ಸಿಗಬೇಕಿತ್ತು. ಯಾರೋ ಬಿಚ್ಚಿ ತಗೊಂಡು ಹೋಗಿದ್ದಾರೆ. ಬೋಲ್ಟ್ ಮಾತ್ರ ಸುಮ್ನೆ ಸಿಗಿಸಿಟ್ಟು ಹೋಗಿದ್ದಾರೆ. ಅದೂ ಯಾವ ಕೀಲು ನೋಡಿ! ಇದು ಬಿಟ್ಕೊಂಡ್ರೆ ಇಡೀ ಸೇತುವೆ ಮಲಗುತ್ತೆ. ಗೊತ್ತಿದ್ದವರ ಕೈ ಇದು.”

ಊಟದ ಹೊತ್ತಿನಲ್ಲಿ ಕೋಣೆಗೆ ಬೀಗ ಹಾಕಿರಲಿಲ್ಲ. ತಟ್ಟನೆ ನನಗೆ ನೆನಪಾಯಿತು.

“ಗಡ್ಡ! ಊಟಕ್ಕೆ ಹೋಗುವಾಗ ಸ್ಪ್ಯಾನರ್ ಹಿಡ್ಕೊಂಡು ಈ ಕಡೆಯಿಂದಲೇ ಬರ್ತಿದ್ದ, ನಾನೇ ಕಂಡೆ!”

ಕೇಸು ಮುಗಿಯಿತು ಎಂದು ಒಳಗೊಳಗೇ ಬೀಗಿದೆ. ಮೇಷ್ಟ್ರಿಗಿಂತ ಮೊದಲು ಕಳ್ಳನನ್ನು ಹಿಡಿದೆನಲ್ಲ!

* * *

ಗಡ್ಡ ಕಾರಿಡಾರಿನ ಬೆಂಚಿನಲ್ಲಿ ಉಗುರು ಕಚ್ಚುತ್ತಾ ಕುಳಿತಿದ್ದ.

“ಸ್ಪ್ಯಾನರ್ ಯಾಕೆ ಬೇಕಿತ್ತು?” ಎಂದೆ.

“ನನ್ನ ಪಂಪ್ ಮಾದರಿ ಆ ಕೋಣೆಯಲ್ಲೇ ಇತ್ತು ಸರ್. ಬಿಚ್ಚಿಕೊಂಡು ಬಂದೆ.”

“ಅವಳ ಸೇತುವೆಯನ್ನೂ ಬಿಚ್ಚಿದ್ಯಾ?”

ಗಡ್ಡ ಕೆಂಪಾದ. “ಸರ್, ಅವಳನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು, ನಿಜ. ಆದ್ರೆ ಅವಳ ನಟ್ಟು ಬಿಚ್ಚೋ ಗತಿ ನಂಗೆ ಬಂದಿಲ್ಲ. ಬೋರ್ಡ್ ಮೇಲೆ ಕೆಳಗಿನ ಪಟ್ಟಿಯ ಬಾಣ ತಪ್ಪು ಹಾಕಿದ್ಲು. ಆ ಪಟ್ಟಿ ಎಳೆತದಲ್ಲಿರುತ್ತೆ, ಇವಳು ಅದುಮಿದ ಹಾಗೆ ತೋರಿಸಿದ್ಲು. ನೋಡಿದೆ, ಸುಮ್ನೆ ಬಂದೆ. ಸಮಿತಿ ಮುಂದೆ ಅಷ್ಟು ಸಾಕಲ್ವಾ?”

ಆ ತಪ್ಪು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಆ ವಿಷಯ ಅಲ್ಲಿ ಎತ್ತಲು ಹೋಗಲಿಲ್ಲ.

“ಪಾಠದ ಹೊತ್ತಲ್ಲಿ ಆ ಬಾಣದ ಪಕ್ಕ ಏನೋ ಗುರುತು ಕಂಡೆ. ನೀನು ನೋಡಿದಾಗ ಇತ್ತಾ?” ಎಂದು ಮೇಷ್ಟ್ರು ಕೇಳಿದರು.

“ಏನೂ ಇರಲಿಲ್ಲ ಸರ್.”

ಮೇಷ್ಟ್ರು ತಲೆಯಾಡಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ.

* * *

ಸಿಬ್ಬಂದಿ ಕೋಣೆಯಲ್ಲಿ ಪುಟ್ಟಿಯ ಕಾಲಿಗೆ ಅಕ್ಕ ಐಸ್ ಒತ್ತುತ್ತಿದ್ದಳು.

ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ನಮ್ಮ ಲ್ಯಾಬಿನ ಅತಿ ಹಳೆಯ ಪೋಸ್ಟ್‌ಡಾಕ್. ಪುಟ್ಟಿಗೆ ಚಾಕ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವಳು ಅವಳೇ. ಮೇಷ್ಟ್ರ ಶನಿವಾರದ ಕ್ಲಾಸಿನಲ್ಲಿ ಬಲಗೈ. ಈ ಹುದ್ದೆ ಅವಳಿಗೇ ಎಂದು ಒಂದು ಕಾಲದಲ್ಲಿ ಎಲ್ಲರೂ ಅಂದುಕೊಂಡಿದ್ದರು. ಹಿತ್ತಲ ಗಿಡ ಮದ್ದಲ್ಲ. ಜಾಹೀರಾತು ಬರುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿತ್ತು. ಅರ್ಜಿ ಹಾಕುವ ಹಾಗೂ ಇರಲಿಲ್ಲ.

“ಪುಟ್ಟಿ, ಬೋರ್ಡ್ ಮೇಲಿನ ತಪ್ಪು ನಿಂಗೆ ಹೇಗೆ ಗೊತ್ತಾಯ್ತು?” ಎಂದರು ಮೇಷ್ಟ್ರು.

“ಬಾಣದ ಪಕ್ಕ ಸಣ್ಣದಾಗಿ ಪ್ರಶ್ನಾರ್ಥಕ ಚಿಹ್ನೆ ಇತ್ತು ಸರ್. ಊಟದಿಂದ ಬಂದು ಬೋರ್ಡ್ ಕಡೆ ತಿರುಗಿದಾಗ ಕಾಣಿಸ್ತು. ನೀವೇ ಹಾಕಿದ್ರಿ ಅಂದ್ಕೊಂಡೆ.”

“ನಾನು ಬಂದಿದ್ದೇ ನಿನ್ನ ಪಾಠ ಶುರುವಾದ ಮೇಲೆ.” ಮೇಷ್ಟ್ರು ಅಕ್ಕನ ಕಡೆ ತಿರುಗಿದರು. “ಊಟದ ಹೊತ್ತಲ್ಲಿ ನೀನು ಆ ಕೋಣೆಗೆ ಹೋಗಿದ್ಯೇನಮ್ಮ?”

“ಇಲ್ಲ ಸರ್. ಲ್ಯಾಬ್ ಬಿಟ್ಟು ಕದಲಿಲ್ಲ,” ಎಂದಳು ಅಕ್ಕ, ಐಸಿನ ಮೇಲಿಂದ ಕಣ್ಣೆತ್ತದೆ.

* * *

ಮೇಷ್ಟ್ರು ಎಲ್ಲರನ್ನೂ ಕೋಣೆಗೆ ಕರೆದರು. ಸಮಿತಿಯ ಅಧ್ಯಕ್ಷರೂ ಬಂದು ಕುಳಿತರು. ಮೇಷ್ಟ್ರು ಬೋರ್ಡ್ ಒರೆಸಿ ಸೇತುವೆಯ ಚಿತ್ರ ಬರೆದರು. ಕೆಳಗಿನ ಪಟ್ಟಿಗೆ ಬೇಕೆಂದೇ ತಪ್ಪು ಬಾಣ ಹಾಕಿ, ಚಾಕ್ ಇಟ್ಟು ಪಕ್ಕಕ್ಕೆ ಸರಿದರು.

“ಸರ್, ತಪ್ಪು,” ಎಂದ ಗಡ್ಡ. ಎದ್ದು ಹೋಗಿ ಅಂಗೈಯಿಂದ ಬಾಣ ಒರೆಸಿಬಿಟ್ಟ.

“ನೋಡಿದ್ರಾ? ಎಷ್ಟು ಶನಿವಾರ ಬೈದ್ರೂ ಇವನ ಕೈ ಒರೆಸೋಕ್ಕೇ ಹೋಗುತ್ತೆ,” ಎಂದರು ಮೇಷ್ಟ್ರು. ಮತ್ತೆ ಅದೇ ತಪ್ಪು ಬಾಣ ಬರೆದರು. “ಅಕ್ಕ, ನೀನಾದ್ರೆ ಏನ್ಮಾಡ್ತೀಯ? ಬಾ.”

ಅಕ್ಕ ಎದ್ದಳು. ಚಾಕ್ ತೆಗೆದುಕೊಂಡಳು. ಬಾಣದ ಪಕ್ಕಕ್ಕೆ ಹೋದ ಕೈ ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮೇಷ್ಟ್ರು ಬಿಡಿಸಿ ಹೇಳಿದರು. “ಹುದ್ದೆ ಬೇಕಾದವನು ಆ ತಪ್ಪು ನೋಡಿ ಬಾಯಿ ಮುಚ್ಕೊಂಡು ಹೋದ. ಅವನಿಗೆ ಅದೇ ಲಾಭ. ಅವನು ಹೋದಾಗ ಗುರುತಿರಲಿಲ್ಲ, ಪುಟ್ಟಿ ಬಂದಾಗ ಇತ್ತು. ಮಧ್ಯೆ ಯಾರೋ ಬಂದು ಗುರುತು ಹಾಕಿದ್ದಾರೆ. ತಪ್ಪನ್ನ ಒರೆಸಬೇಡಿ, ಪಕ್ಕದಲ್ಲಿ ಪ್ರಶ್ನೆ ಹಾಕಿ, ಕಲಿಯೋರು ತಾವೇ ತಿದ್ದಿಕೊಳ್ಳಲಿ ಅಂತ ನಾನು ಹೇಳ್ಕೊಟ್ಟೆ. ಅದನ್ನ ಮೈಗೂಡಿಸಿಕೊಂಡವಳು ಒಬ್ಬಳೇ. ಒಳ್ಳೇದು ಮಾಡಿದ್ದನ್ನ ಯಾರೂ ಮುಚ್ಚಿಡಲ್ಲ. ಕೋಣೆಗೆ ಬಂದೇ ಇಲ್ಲ ಅಂತ ಯಾಕೆ ಸುಳ್ಳು ಹೇಳ್ದೆ, ತಾಯಿ?”

ಅಕ್ಕ ಜೇಬಿನಿಂದ ನಟ್ಟು ತೆಗೆದು ಮೇಜಿನ ಮೇಲಿಟ್ಟಳು.

“ನಿಂಗೇನು ಸಿಗ್ತಿತ್ತಮ್ಮ ಇದರಿಂದ?” ಎಂದು ನಾನು ಕೂಗಿಯೇ ಬಿಟ್ಟೆ.

“ಏನೂ ಇಲ್ಲ ಸರ್. ನಂಗೆ ಸಿಗಲ್ಲ ಅಂತ ಗೊತ್ತು. ಅವಳಿಗೂ ಸಿಗೋದು ಬೇಡ ಅನ್ನಿಸ್ತು, ಅಷ್ಟೇ. ನನ್ನ ಮಾತು, ನನ್ನ ಉದಾಹರಣೆ, ನಾನು ನಿಲ್ಲೋ ರೀತಿ, ಎಲ್ಲ ತಗೊಂಡು ಅವಳು ಒಳಗೆ ಹೋಗ್ತಾಳೆ. ನಾನು ಹೊರಗೇ. ನಟ್ಟು ಬಿಚ್ಚುವಾಗ ಕೈ ನಡುಗಲಿಲ್ಲ.” ಅಕ್ಕ ಬೋರ್ಡಿನ ಕಡೆ ತಿರುಗಿದಳು. “ಹೊರಡೋವಾಗ ಬೋರ್ಡ್ ನೋಡಿದೆ. ಬಾಣ ತಪ್ಪಾಗಿತ್ತು. ಸೇತುವೆ ಬಿದ್ರೆ ಬೀಳಲಿ, ಆದ್ರೆ ಅವಳು ತಪ್ಪು ಪಾಠ ಮಾಡೋದನ್ನ ನನ್ನ ಕೈಲಿ ನೋಡೋಕ್ಕಾಗಲಿಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತಾ ನಿಂತರು. ಅವರನ್ನು ಕಂಡು ಹೊಟ್ಟೆಯುರಿಯದೆ ಇದ್ದ ದಿನ ನನ್ನ ನೆನಪಿನಲ್ಲಿ ಅದೊಂದೇ.

* * *

ಅಧ್ಯಕ್ಷರು ಪುಟ್ಟಿಗೆ ಇನ್ನೊಂದು ಅವಕಾಶ ಕೊಟ್ಟರು. ಮಾದರಿ ಬೇಡ, ಬೋರ್ಡ್ ಸಾಕು ಎಂದರು. ಅಕ್ಕನ ವಿಷಯ ನಾಳೆ ನಿರ್ದೇಶಕರ ಮುಂದೆ ಹೋಗಬೇಕು. ಅಲ್ಲಿ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು.

“ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಲಾ?” ಎಂದಳು ಅಕ್ಕ, ಪುಟ್ಟಿಯ ಮುಖ ನೋಡದೆ.

“ಬೇಡ ಅಕ್ಕ,” ಎಂದಳು ಪುಟ್ಟಿ. ಆಗ ಅವಳ ಕಣ್ಣಲ್ಲಿ ನೀರು ಬಂತು. “ನೀನಿದ್ರೆ ನಿನ್ನ ಮುಖ ನೋಡ್ಕೊಂಡೇ ಪಾಠ ಮಾಡ್ತೀನಿ. ಸರಿ ಹೋಯ್ತಾ ಅಂತ ನಿನ್ನನ್ನೇ ಕೇಳ್ತೀನಿ. ಇವತ್ತಿಂದ ಅದು ಆಗಲ್ಲ.”

ಅಕ್ಕ ಹೊರಗೆ ಹೋದಳು. ಪುಟ್ಟಿ ಕುಂಟುತ್ತಾ ಬೋರ್ಡಿನ ಮುಂದೆ ನಿಂತಳು. ಆ ದಿನದ ಪಾಠವನ್ನು ನಾನು ವಿದ್ಯಾರ್ಥಿಯ ಹಾಗೆ ಕುಳಿತು ಕೇಳಿದೆ. ಅಧ್ಯಕ್ಷರು ಪೆನ್ನು ತೆಗೆದದ್ದನ್ನು ನೋಡಿ, ಹೆಸರು ಯಾರದೆಂದು ತಿಳಿದು, ಹೊರಗೆ ಬಂದೆ.

ಅಕ್ಕ ಹೋಗಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ಮೊದಲಿಂದ ಕೊನೆಯವರೆಗೂ ಕೇಳಿಸಿಕೊಂಡಿದ್ದಳು.

“ಹೇಗಿತ್ತು?” ಎಂದೆ. ಬೇರೇನು ಕೇಳಬೇಕೆಂದು ನನಗೆ ತೋಚಲಿಲ್ಲ.

“ನನಗಿಂತ ಚೆನ್ನಾಗಿ ಮಾಡ್ತಾಳೆ ಸರ್,” ಎಂದಳು. “ಅದೇ ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ.”

ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಳು.