ಎತ್ಕೊಳ್ಳಿ ಅನ್ನದವನು

"ಅದನ್ನೂ ಹಾಕಿಬಿಡಿ."

ಅವನು ಹೇಳಿದ್ದು ಅಷ್ಟೇ. ಅವಳು ಆಗಲೇ ಚೆಂಡನ್ನು ಎತ್ತಿಕೊಳ್ಳಲು ಬಗ್ಗಿದ್ದಳು. ಬಗ್ಗಿದವಳು ಹಾಗೆಯೇ ತಲೆಯೆತ್ತಿ ನೋಡಿದಳು.

ಚೆಂಡಿಗೂ ಗುಳಿಗೂ ನಡುವೆ ಇದ್ದದ್ದು ಒಂದು ಮೊಳ. ಗಾಲ್ಫ್ ಕ್ಲಬ್ಬಿನಲ್ಲಿ ಇಬ್ಬರು ಎದುರುಬದುರಾಗಿ ಆಡುವ ಭಾನುವಾರದ ಪಂದ್ಯಗಳಲ್ಲಿ ಇಷ್ಟು ಹತ್ತಿರ ಬಂದ ಚೆಂಡನ್ನು ಯಾರೂ ಹೊಡೆಸುವುದಿಲ್ಲ. ಎದುರಾಳಿ "ಎತ್ಕೊಳ್ಳಿ" ಎಂದರೆ ಮುಗಿಯಿತು, ಗುಳಿಗೆ ಬಿದ್ದ ಲೆಕ್ಕ. ಅದು ಆಟದ ಮರ್ಯಾದೆ.

"ಒಂದು ಮೊಳ ತಾನೇ?"

"ಹೌದು, ಒಂದೇ ಮೊಳ. ಹಾಕಿ."

ಸಿಟ್ಟಿನಲ್ಲೇ ಪಟರ್, ಅಂದರೆ ಚೆಂಡನ್ನು ಗುಳಿಗೆ ತಳ್ಳುವ ಕೋಲು, ಬೀಸಿದಳು. ಚೆಂಡು ಹೊರಡುವ ಮೊದಲೇ ಕಣ್ಣು ಗುಳಿಯತ್ತ ಓಡಿತ್ತು. ಚೆಂಡು ಅಂಚನ್ನು ಸವರಿ, ಒಳಗೆ ಇಣುಕಿ, ಹೊರಗೇ ನಿಂತಿತು.

ಪಂದ್ಯ ಹೋಯಿತು.

ಅವನು ಆ ಊರಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರು. ಅವಳು ಅವನ ದವಾಖಾನೆಯಿದ್ದ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಗಾಜು ಕೂರಿಸುವವಳು. ಊಟದ ಹೊತ್ತಿಗೆ ವಿಷಯ ಕೇಳಿದ ಅಪ್ಪ, "ದಿನಾ ಹಲ್ಲು ಕೀಳೋನಿಗೆ ಕರುಣೆ ಎಲ್ಲಿಂದ ಬರ್ಬೇಕಮ್ಮ" ಎಂದು ನಕ್ಕರು.

ಅವಳಿಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗಿನಿಂದ ಆಟ ಕಲಿಸಿದವರು ಅಪ್ಪನೇ. ಚೆಂಡು ಗುಳಿಯ ಹತ್ತಿರ ಬಂದರೆ ಸಾಕು, "ಸಾಕು, ಎತ್ಕೋ ಮಗಳೇ" ಎನ್ನುತ್ತಿದ್ದರು. ಅಪ್ಪನ ಮೇಲಿನ ಗೌರವಕ್ಕೆ ಕ್ಲಬ್ಬಿನವರೂ ಹಾಗೇ ಅನ್ನುತ್ತ ಬಂದರು. ದೂರದ ಹೊಡೆತದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಕ್ಲಬ್ಬಿನ ಮಹಿಳಾ ತಂಡದ ಆಯ್ಕೆಗೆ ನಿಂತಾಗಲೆಲ್ಲ ಕೊನೆಗೆ ಒಂದೋ ಎರಡೋ ಹೊಡೆತದಲ್ಲಿ ಸೋಲುತ್ತಿದ್ದಳು. ಅಲ್ಲಿ ಪ್ರತಿಯೊಂದು ಚೆಂಡೂ ಗುಳಿಗೆ ಬಿದ್ದೇ ತೀರಬೇಕು. ಅಪ್ಪ ಹುಲ್ಲನ್ನು ಬೈಯುತ್ತಿದ್ದರು, ಗಾಳಿಯನ್ನು ಬೈಯುತ್ತಿದ್ದರು.

'ಅಯ್ಯೋ... ಒಂದು ಮೊಳದ ಹೊಡೆತಾನ ನಾನು ಯಾವತ್ತಾದ್ರೂ ಅಭ್ಯಾಸ ಮಾಡಿದ್ದೀನಾ?'

ತುತ್ತು ಕೈಯಲ್ಲೇ ಉಳಿಯಿತು. ಮುಂದಿನ ತಿಂಗಳು ಮತ್ತೆ ಆಯ್ಕೆ. ಇರುವುದು ಒಂದೇ ಜಾಗ.

ಮರುದಿನ ಅವನ ದವಾಖಾನೆಗೆ ಹೋದಳು. ಬಾಗಿಲಲ್ಲಿ ಕುಳಿತ ನರ್ಸಮ್ಮ ಯಾವ ಹಲ್ಲು ಎಂದು ಕೇಳಿದರು.

"ಹಲ್ಲಲ್ಲ... ಗಾಲ್ಫು."

ಒಳಗಿನಿಂದ ಅವನು ನಕ್ಕದ್ದು ಕೇಳಿಸಿತು. ಆಯ್ಕೆಗೆ ನಿಂತವರಲ್ಲಿ ಅವಳೂ ಒಬ್ಬಳೆಂದು ಅವನಿಗೆ ಗೊತ್ತಿತ್ತಂತೆ. ಅಲ್ಲಿ ಎತ್ಕೊಳ್ಳಿ ಅನ್ನುವವರು ಇರುವುದಿಲ್ಲವಲ್ಲ, ಅದಕ್ಕೇ ಹೊಡೆಸಿದೆ ಎಂದ. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಹಟಕ್ಕೆ ಇಟ್ಟುಕೊಂಡು, ಹಾಗಾದರೆ ನೀವೇ ಕಲಿಸಿ ಎಂದಳು.

ಅಂದಿನಿಂದ ಕೆಲಸಕ್ಕೆ ಮುಂಚೆ ಇಬ್ಬರೂ ಅಭ್ಯಾಸದ ಹುಲ್ಲಿನ ಮೇಲೆ. ಅವನು ಎರಡು ಕಡ್ಡಿ ಚುಚ್ಚಿ, ಪಟರ್ ಆ ಸಂದಿಯಲ್ಲೇ ಹೋಗಿ ಬರಬೇಕೆಂದ. ಮೊದಲು ಗೇಣು ದೂರದಿಂದ, ಅದು ತಪ್ಪದಂತಾದ ಮೇಲೆ ಮೊಳದಿಂದ. ಹಿಂದಕ್ಕೆ ಎಳೆಯುವುದು ಕಡಿಮೆ, ಮುಂದಕ್ಕೆ ತಳ್ಳುವುದು ಅಳುಕಿಲ್ಲದೆ. ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ಪಾಠ.

"ಚೆಂಡು ಬೀಳೋದನ್ನ ಕಣ್ಣಲ್ಲಿ ನೋಡ್ಬೇಡಿ. ಕಿವೀಲಿ ಕೇಳಿ. ಸದ್ದು ಬರೋ ತನಕ ತಲೆ ಎತ್ತೋ ಹಾಗಿಲ್ಲ."

ಕಣ್ಣನ್ನೇ ನಂಬಿ ಬದುಕುವವಳಿಗೆ ಅದು ಸುಲಭವೇ? ಕೊನೆಗೆ ಅಜ್ಜಿ ನೆನಪಾದರು. ಪದ್ಯ ಹೇಳುವಾಗ ಅಜ್ಜಿ ಸಾಲು ಮುಗಿಸಿ ಒಂದು ಉಸಿರು ಸುಮ್ಮನಿರುತ್ತಿದ್ದರು. ಆ ಮೌನವೂ ಪದ್ಯವೇ ಎನ್ನುತ್ತಿದ್ದರು. ಅವಳು ಆ ಒಂದು ಉಸಿರು ತಲೆ ತಗ್ಗಿಸಿ ನಿಲ್ಲುವುದನ್ನು ಕಲಿತಳು. ಟೊಕ್! ಆ ಸದ್ದು ಅವಳಿಗೆ ರುಚಿಸತೊಡಗಿತು. ಅದರ ಹಿಂದೆಯೇ ಬರುವ ಅವನ "ಹ್ಞೂಂ" ಕೂಡ.

ಆಯ್ಕೆಗೆ ಒಂದು ವಾರವಿದ್ದಾಗ ಭಾನುವಾರದ ಪಂದ್ಯದಲ್ಲಿ ಇಬ್ಬರೂ ಮತ್ತೆ ಎದುರಾದರು. ಸುತ್ತ ಜನ. ಕೊನೆಯ ಗುಳಿ. ಅದೇ ಒಂದು ಮೊಳ. ಅವಳ ಕೈ ಸಣ್ಣಗೆ ನಡುಗಿತು.

"ಎತ್ಕೊಳ್ಳಿ" ಎಂದ ಅವನು.

ಪಂದ್ಯ ಅವಳು ಗೆದ್ದಂತಾಯಿತು. ಜನ ಚಪ್ಪಾಳೆ ತಟ್ಟಿದರು. ಅವಳ ಮುಖ ಮಾತ್ರ ಬಾಡಿತು.

"ನೀವೂ ನಮ್ಮಪ್ಪನ ಥರಾನೇ ಆದ್ರಾ? ನನ್ನ ಕೈಲಾಗಲ್ಲ ಅನ್ನಿಸ್ತಾ?"

ಉತ್ತರಕ್ಕೂ ಕಾಯದೆ ಅವಳು ಹೊರಟುಬಿಟ್ಟಳು.

ಆ ವಾರ ಅವನು ಕನ್ನಡಕ ಹಾಕುವವನಲ್ಲದಿದ್ದರೂ ಕನ್ನಡಕದ ಅಂಗಡಿಗೆ ಬಂದ. ಅವಳು ಜೊತೆಯ ಕೆಲಸದವಳನ್ನು ಮುಂದೆ ಕಳಿಸಿ ಒಳಗೇ ಉಳಿದಳು. ಸಂಜೆ ಮನೆಯ ಜಮಖಾನದ ಮೇಲೆ ಲೋಟ ಮಲಗಿಸಿ ಅಭ್ಯಾಸ ಮಾಡಿದಳು. ಅಪ್ಪ ಅಭ್ಯಾಸಬಲದಿಂದ "ಸಾಕು, ಎತ್..." ಎಂದವರು, ಮಗಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು.

"ಹಾಕು ಮಗಳೇ" ಎಂದರು ಮೆಲ್ಲಗೆ.

ಆಯ್ಕೆಯ ದಿನ ಕೊನೆಯ ಗುಳಿಗೆ ಬರುವಾಗ ಅವಳೂ ಇನ್ನೊಬ್ಬಳೂ ಸಮ. ಆ ಇನ್ನೊಬ್ಬಳು ಅಲ್ಲಿ ಒಂದು ಹೊಡೆತ ಹೆಚ್ಚು ತೆಗೆದುಕೊಂಡಳು. ಇವಳಿಗೆ ಉಳಿದದ್ದು ಒಂದೇ ಹೊಡೆತ. ಒಂದು ಮೊಳ! ಬಿದ್ದರೆ ಜಾಗ ಇವಳದು.

ದೂರದಲ್ಲಿ ಅವನು ಬೆನ್ನು ತಿರುಗಿಸಿ ನಿಂತಿದ್ದ. ನೋಡಲೂ ಇಷ್ಟವಿಲ್ಲವೇನೋ ಎಂದುಕೊಂಡಳು... ಆಮೇಲೆ ಅದನ್ನೂ ಬಿಟ್ಟಳು. ಕಡ್ಡಿಗಳಿಲ್ಲದಿದ್ದರೂ ಅವುಗಳ ಸಂದಿ ಕಂಡಿತು. ಹೊಡೆದಳು. ಚೆಂಡು ಇದ್ದ ಜಾಗದ ಹುಲ್ಲನ್ನೇ ನೋಡುತ್ತ ನಿಂತಳು.

ಒಂದು ಉಸಿರು.

ಟೊಕ್.

ತಲೆ ಎತ್ತಿದಾಗ, ಬೆನ್ನು ತಿರುಗಿಸಿದ್ದವನ ಬಿಗಿದ ಭುಜಗಳು ಇಳಿಯುವುದು ಕಂಡಿತು. ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು.

ಜನ ಕರಗಿದ ಮೇಲೆ ಅವಳೇ ಅವನ ಬಳಿ ಹೋದಳು.

"ನೋಡ್ಲೇ ಇಲ್ಲ ನೀವು."

"ಕೇಳಿಸ್ಕೊಂಡೆ."

"ಆವತ್ತು ಯಾಕೆ ಎತ್ಕೊಳ್ಳಿ ಅಂದ್ರಿ?"

ಅವನು ಈಗ ಅವಳತ್ತ ತಿರುಗಿದ. "ನಿಮ್ಮ ಕೈಲಾಗಲ್ಲ ಅಂತಲ್ಲ. ನಿಮ್ಮ ಕೈ ನಡುಗಿದ್ದು ನೋಡಿ ನನ್ನ ಕೈಲಾಗ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಹೊಡೆಸ್ತಿದ್ದೆ. ಅಂದ್ರೆ... ನಿಮಗೆ ಅರ್ಥ ಆಯ್ತಲ್ಲ."

ಅರ್ಥವಾಗಿತ್ತು. ಇನ್ನು ಉಳಿದದ್ದು ಒಂದು ಮೊಳದಷ್ಟೇ ಮಾತು. ಆಯ್ತು ಬಿಡಿ ಎಂದು ಅವಳು ಬಿಟ್ಟುಕೊಡಬಹುದಿತ್ತು.

"ಹತ್ತಿರ ಬಂದಿದೆ" ಎಂದಳು. "ಆದ್ರೆ ಎತ್ಕೊಳ್ಳಿ ಅನ್ನಲ್ಲ. ನೀವೇ ಹಾಕ್ಬೇಕು."

ಅವಳು ಹುಲ್ಲು ನೋಡುತ್ತ ತಲೆ ತಗ್ಗಿಸಿ ನಿಂತಳು.

"ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?"

ಮಾತು ಪೂರ್ತಿ ಮುಗಿಯುವವರೆಗೆ, ಅದರ ಮೇಲೆ ಇನ್ನೂ ಒಂದು ಉಸಿರಿನವರೆಗೆ ಅವಳು ತಲೆ ಎತ್ತಲಿಲ್ಲ.

"ಏನಾಯ್ತು?" ಅವನು ಕೇಳಿದ.

"ಬಿತ್ತು" ಎಂದಳು, ಅವನನ್ನು ನೋಡಿ.